ಅಕ್ಷರಕ್ಕೂ ಮುಂಚಿನ ಕಾಲ: ಹಾಸನ, ಚಿಕ್ಕಮಗಳೂರು ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದ ಸುತ್ತಮುತ್ತಲ ಶಾಲೆಗಳಿಗೆ ಹೋಗಿ ಹಳೆಯ ಕಾಲದ ವಿಷಯ ಮಾತಾಡುವುದು ನನ್ನ ಹವ್ಯಾಸ. ಆಲೂರು, ಬೇಲೂರು, ಮೂಡಿಗೆರೆ, ಕಡೂರು, ಎಲ್ಲಿಗೆ ಹೋದರೂ ಹೆಚ್ಚುಕಮ್ಮಿ ಅವೇ ಪ್ರಶ್ನೆಗಳು ಬರುತ್ತವೆ. ಮಕ್ಕಳು ಕೇಳುತ್ತಾರೆ, ಮೇಷ್ಟ್ರು ಕೇಳುತ್ತಾರೆ, ಹೊರಡುವಾಗ ಗೇಟಿನ ಹತ್ತಿರ ನಿಲ್ಲಿಸಿಕೊಂಡು ಊರಿನ ಹಿರಿಯರೂ ಕೇಳುತ್ತಾರೆ. ಜಾಸ್ತಿ ಕೇಳಿದ ಪ್ರಶ್ನೆಗಳನ್ನು ಉತ್ತರದ ಜೊತೆ ಇಲ್ಲಿ ಬರೆದಿದ್ದೇನೆ.

ಪ್ರಾಗಿತಿಹಾಸ ಅಂದರೆ ಏನು? ಅದು ಯಾವಾಗ ಮುಗಿಯಿತು?

ಬರವಣಿಗೆ ಶುರುವಾಗುವುದಕ್ಕೆ ಮುಂಚಿನ ಕಾಲವೇ ಪ್ರಾಗಿತಿಹಾಸ. ಅದು ಎಲ್ಲ ಕಡೆ ಒಂದೇ ದಿನ ಮುಗಿಯಲಿಲ್ಲ. ಇರಾಕಿನ ಉರುಕ್ ಪಟ್ಟಣದಲ್ಲಿ ಕ್ರಿ.ಪೂ. 3200ರ ಹೊತ್ತಿಗೇ ಹಸಿ ಮಣ್ಣಿನ ಹಲಗೆಯ ಮೇಲೆ ಜವೆಗೋಧಿ, ಕುರಿಗಳ ಲೆಕ್ಕ ಬರೆಯುತ್ತಿದ್ದರು. ಕರ್ನಾಟಕದಲ್ಲಿ ನಾವು ಓದಬಲ್ಲ ಅತಿ ಹಳೆಯ ಬರಹ ಅಂದರೆ ಬ್ರಹ್ಮಗಿರಿ, ಮಸ್ಕಿಯಲ್ಲಿರುವ ಅಶೋಕನ ಶಾಸನಗಳು. ಅವು ಕ್ರಿ.ಪೂ. 3ನೇ ಶತಮಾನದವು. ನಮ್ಮ ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನ ಸುಮಾರು ಕ್ರಿ.ಶ. 450ರದ್ದು, ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಒಂದು.

ಲಕ್ಷ ವರ್ಷ ಅಂದರೆ ತಲೆಗೇ ಹೋಗುವುದಿಲ್ಲ. ಅಂದಾಜು ಮಾಡಿಕೊಳ್ಳುವುದು ಹೇಗೆ?

ನಾನು ಶಾಲೆಗೆ ಹೋಗುವಾಗ ಒಂದು ಉಂಡೆ ದಾರ ತೆಗೆದುಕೊಂಡು ಹೋಗುತ್ತೇನೆ. ಒಂದು ವರ್ಷಕ್ಕೆ ಒಂದು ಮಿಲಿಮೀಟರ್ ಅಂತ ಇಟ್ಟುಕೊಳ್ಳಿ. ಹಲ್ಮಿಡಿ ಶಾಸನ ಸುಮಾರು ಒಂದೂವರೆ ಮೀಟರ್ ದೂರದಲ್ಲಿ ಸಿಗುತ್ತದೆ. ಹೈಸ್ಕೂಲು ಹುಡುಗಿಯ ಎತ್ತರ ಅಷ್ಟೆ. ಈಜಿಪ್ಟಿನ ದೊಡ್ಡ ಪಿರಮಿಡ್, ಹರಪ್ಪದ ದೊಡ್ಡ ಪಟ್ಟಣಗಳು ನಾಲ್ಕೂವರೆ ಮೀಟರಿನ ಹತ್ತಿರ, ಅಂದರೆ ಕ್ಲಾಸ್‌ರೂಮಿನ ಒಳಗೇ ಇವೆ. ಬೇಸಾಯ ಶುರುವಾಗಿದ್ದು ಹನ್ನೊಂದು ಹನ್ನೆರಡು ಮೀಟರ್ ದೂರದಲ್ಲಿ, ಜಗಲಿಯ ಆ ತುದಿ. ನಮ್ಮಂಥ ಮನುಷ್ಯರು ಮೊದಲು ಕಾಣಿಸಿಕೊಳ್ಳುವುದು 300 ಮೀಟರ್ ಆಚೆ, ಶಾಲೆಯ ಗೇಟು ದಾಟಿ ರಸ್ತೆಯಲ್ಲಿ. ಮೊದಲ ಕಲ್ಲಿನ ಉಪಕರಣ ಕೀನ್ಯಾದ ಲೊಮೆಕ್ವಿಯಲ್ಲಿ ಸಿಕ್ಕಿದ್ದು, 33 ಲಕ್ಷ ವರ್ಷ ಹಳೆಯದು. ಅಲ್ಲಿಗೆ ಮುಟ್ಟಲು ಮೂರು ಕಿಲೋಮೀಟರಿಗಿಂತ ಜಾಸ್ತಿ ನಡೆಯಬೇಕು, ಪಕ್ಕದ ಊರೇ ಬಂದುಬಿಡುತ್ತದೆ.

ಒಮ್ಮೆ ಒಬ್ಬ ಹುಡುಗ ದಾರ ಹಿಡಿದುಕೊಂಡು ಗೇಟಿನವರೆಗೆ ಓಡಿಹೋಗಿ ತಿರುಗಿ ನಿಂತು, "ಅಷ್ಟೂ ದೂರ ಬರೀ ಕಲ್ಲೇನಾ ಸಾರ್?" ಅಂತ ಕೂಗಿದ. ಹೌದು, ಹೆಚ್ಚುಪಾಲು ಕಲ್ಲೇ. ಮರ, ಚರ್ಮ, ಬಿದಿರು, ನಾರು ಎಲ್ಲ ಬಳಸಿದ್ದರು, ಅವೆಲ್ಲ ಮಣ್ಣಾದವು, ಕಲ್ಲು ಮಾತ್ರ ಉಳಿಯಿತು.

ಹಳೆ ಶಿಲಾಯುಗ, ಹೊಸ ಶಿಲಾಯುಗ, ಏನು ವ್ಯತ್ಯಾಸ?

ಹಳೆ ಶಿಲಾಯುಗದವರು ಕಲ್ಲನ್ನು ಹೊಡೆದು ಚಕ್ಕೆ ಎಬ್ಬಿಸಿ ಹರಿತ ಮಾಡುತ್ತಿದ್ದರು. ಬೇಟೆ, ಗೆಡ್ಡೆ, ಹಣ್ಣು, ಜೇನು ಅವರ ಬದುಕು. ಆಮೇಲೆ ಬೆರಳುಗುರಿನಷ್ಟು ಸಣ್ಣ ಚಕ್ಕೆಗಳನ್ನು ಬಾಣಕ್ಕೆ, ಕೋಲಿಗೆ ಸಿಕ್ಕಿಸುವ ಕಾಲ ಬಂತು. ಹೊಸ ಶಿಲಾಯುಗದವರು ಕಲ್ಲನ್ನು ಉಜ್ಜಿ ನುಣುಪು ಮಾಡಿದರು, ದನ ಸಾಕಿದರು, ಬಿತ್ತಿದರು, ಮಡಕೆ ಮಾಡಿದರು. ಕರ್ನಾಟಕದಲ್ಲಿ ಈ ಹೊಸ ಶಿಲಾಯುಗ ಸುಮಾರು ಕ್ರಿ.ಪೂ. 3000ದಿಂದ 1200ರವರೆಗೆ ನಡೆಯಿತು.

ಈ ಕಾಲಗಳ ನಡುವೆ ಗೋಡೆ ಇರಲಿಲ್ಲ. ಒಂದು ಕಡೆ ಬಿತ್ತನೆ ನಡೆಯುವಾಗ ಇನ್ನೊಂದು ಕಡೆ ಬೇಟೆಯೇ ನಡೆಯುತ್ತಿತ್ತು.

ನಮ್ಮ ಜಿಲ್ಲೆಗಳಲ್ಲಿ ಶಿಲಾಯುಗದ ಜನ ಇದ್ದರಾ?

ಇದ್ದರು. ತರೀಕೆರೆ ತಾಲ್ಲೂಕಿನ ಲಿಂಗದಹಳ್ಳಿಯಲ್ಲಿ ಹಳೆ ಶಿಲಾಯುಗದ ಕೈಕೊಡಲಿಗಳು ಸಿಕ್ಕಿವೆ. ಕೆಮ್ಮಣ್ಣುಗುಂಡಿಗೆ ಹೋಗುವವರು ಆ ಊರು ದಾಟಿಯೇ ಹೋಗುತ್ತಾರೆ. ಆದರೆ ನಿಲ್ಲಿಸಿ "ಇಲ್ಲಿ ಲಕ್ಷಾಂತರ ವರ್ಷದ ಹಿಂದೆ ಯಾರೋ ಕೂತು ಕಲ್ಲು ಒಡೆದಿದ್ದರು" ಅಂತ ಮಕ್ಕಳಿಗೆ ಹೇಳುವವರು ಕಡಿಮೆ. ನನಗೆ ಇದು ನಿಜವಾಗಿಯೂ ಬೇಜಾರಿನ ವಿಷಯ.

ಬಳ್ಳಾರಿ, ರಾಯಚೂರು ಕಡೆ ಸಿಗುವಷ್ಟು ಇಲ್ಲಿ ಯಾಕೆ ಸಿಗುವುದಿಲ್ಲ ಅನ್ನುವುದಕ್ಕೆ ಕಾರಣ ಇದೆ. ಮಲೆನಾಡಿನ ಮಳೆ ನಿಮಗೆ ಗೊತ್ತೇ ಇದೆ. ಆ ಮಳೆಗೆ ಮಣ್ಣು ಹುಳಿಯಾಗುತ್ತದೆ, ಹುಳಿ ಮಣ್ಣು ಮೂಳೆಯನ್ನು ತಿಂದುಹಾಕುತ್ತದೆ. ಮರದ ಮನೆ, ಬಿದಿರಿನ ತಟ್ಟಿ ಗೆದ್ದಲಿಗೆ ಹೋಗುತ್ತದೆ. ಮೇಲೆ ಕಾಡು, ಕಾಫಿ ಗಿಡ, ತರಗೆಲೆ. ಬಯಲುಸೀಮೆಯಲ್ಲಿ ಹಾಗಲ್ಲ, ಒಣಗಿದ ನೆಲದ ಮೇಲೆ ನಡೆದು ಹೋದರೇ ಕಲ್ಲಿನ ಚಕ್ಕೆ ಕಣ್ಣಿಗೆ ಬೀಳುತ್ತದೆ. ಅಂದರೆ ಇಲ್ಲಿ ಉಳಿದಿರುವುದು ಕಡಿಮೆ, ಹುಡುಕಿರುವುದು ಇನ್ನೂ ಕಡಿಮೆ.

ನೀರಿನ ದಾರಿ ನೋಡಿದರೂ ನಾವು ಒಂಟಿಯಲ್ಲ. ಹೇಮಾವತಿ ಹರಿದು ಕಾವೇರಿ ಸೇರುತ್ತದೆ, ಅದೇ ಕಾವೇರಿಯ ದಡದ ತಿರುಮಕೂಡಲು ನರಸೀಪುರದಲ್ಲಿ ಹೊಸ ಶಿಲಾಯುಗದ ನೆಲೆ ಸಿಕ್ಕಿದೆ. ಬಾಬಾ ಬುಡನ್‌ಗಿರಿಯಲ್ಲಿ ಹುಟ್ಟುವ ವೇದಾವತಿ ಹಗರಿಯಾಗಿ ಬಳ್ಳಾರಿ ಸೀಮೆ ಸೇರುತ್ತದೆ. ದನ ಮೇಯಿಸುವವರು ನದಿಯ ಜಾಡು ಹಿಡಿದೇ ಓಡಾಡುತ್ತಾರೆ, ಅಲ್ವಾ?

ಒಂದು ಕಲ್ಲನ್ನು ಮನುಷ್ಯ ಒಡೆದದ್ದೋ, ತಾನಾಗಿ ಒಡೆದದ್ದೋ ಅಂತ ಹೇಗೆ ಗೊತ್ತಾಗುತ್ತದೆ?

ಈ ಪ್ರಶ್ನೆ ನನಗೆ ತುಂಬಾ ಇಷ್ಟ. ಬೆಣಚುಕಲ್ಲಿನ ಅಥವಾ ಗಟ್ಟಿ ನಯವಾದ ಕಲ್ಲಿನ ಅಂಚಿಗೆ ಇನ್ನೊಂದು ಕಲ್ಲಿನಿಂದ ಬಲವಾಗಿ ಹೊಡೆದರೆ ಒಂದು ಚಕ್ಕೆ ಹಾರುತ್ತದೆ. ಆ ಚಕ್ಕೆಯ ಒಳಮೈ ನೋಡಿ. ಏಟು ಬಿದ್ದ ಜಾಗದ ಕೆಳಗೆ ಸಣ್ಣ ಉಬ್ಬು ಇರುತ್ತದೆ, ಬೆರಳು ಆಡಿಸಿದರೆ ಸಿಗುತ್ತದೆ. ನಯವಾದ ಕಲ್ಲಾದರೆ ಆ ಉಬ್ಬಿನಿಂದ ಕೆರೆಯ ಅಲೆಯ ಹಾಗೆ ಗೆರೆಗಳು ಹರಡಿರುತ್ತವೆ. ಒಡೆದ ಕಲ್ಲಿನಲ್ಲಿ ಅದಕ್ಕೆ ಸರಿಹೊಂದುವ ತಗ್ಗು ಉಳಿಯುತ್ತದೆ. ಒಂದು ಚಕ್ಕೆ ಹಾರಿದ್ದರೆ ಸುಮ್ನೆ ಬಿಟ್ಟುಬಿಡಿ, ಬಂಡೆ ಉರುಳಿಯೂ ಆಗಬಹುದು. ಆದರೆ ಎರಡೂ ಕಡೆಯಿಂದ ಹತ್ತು ಹದಿನೈದು ಚಕ್ಕೆ ಒಂದೇ ಅಂಚಿನ ಉದ್ದಕ್ಕೆ ಸಾಲಾಗಿ ಹಾರಿದ್ದರೆ, ಅಲ್ಲಿ ಒಂದು ಕೈ ಕೆಲಸ ಮಾಡಿದೆ.

ಹೊಸ ಶಿಲಾಯುಗದ ಕೊಡಲಿ ಗುರುತಿಸುವುದು ಸುಲಭ. ಅಂಗೈಯಷ್ಟು ಉದ್ದ, ಒಂದು ತುದಿ ಮೊಂಡು, ಇನ್ನೊಂದು ತುದಿ ಅಗಲವಾಗಿ ಬಾಗಿ ಹರಿತ, ಮೈ ನುಣುಪು. ಬಳ್ಳಾರಿ ಹತ್ತಿರದ ಸಂಗನಕಲ್ಲಿನಲ್ಲಿ ಕಪ್ಪು ಡೊಲೆರೈಟ್ ಕಲ್ಲಿನಿಂದ ಇಂಥ ಕೊಡಲಿಗಳನ್ನು ರಾಶಿರಾಶಿಯಾಗಿ ಮಾಡುತ್ತಿದ್ದರು. ಮೊದಲು ಚಕ್ಕೆ ಹಾರಿಸಿ ಆಕಾರ ತರಬೇಕು, ಆಮೇಲೆ ಗುಬ್ಬಚ್ಚಿ ಕಾಳು ಕುಕ್ಕಿದ ಹಾಗೆ ಕುಕ್ಕಿ ಸಮ ಮಾಡಬೇಕು, ಕೊನೆಗೆ ಬಂಡೆಯ ಮೇಲೆ ನೀರು ಹಾಕಿ ಉಜ್ಜಬೇಕು. ಉಜ್ಜಿ ಉಜ್ಜಿ ಬಂಡೆಯಲ್ಲೇ ಗುಳಿ ಬಿದ್ದಿದೆ. ನಮ್ಮ ಹಳೆ ಮನೆಗಳ ಒರಳಿನ ಗುಳಿಯಲ್ಲಿ ಕೈಯಿಟ್ಟರೆ ಹೇಗೆ ತಣ್ಣಗೆ, ನುಣ್ಣಗೆ ಇರುತ್ತದೋ ಹಾಗೇ ಇರುತ್ತದೆ ಅದು.

ಹೊಲದಲ್ಲೋ ತೋಟದಲ್ಲೋ ಇಂಥದ್ದು ಸಿಕ್ಕರೆ ಏನು ಮಾಡಬೇಕು?

ಮೊದಲು ಎತ್ತಬೇಡಿ. ಇದ್ದಲ್ಲೇ ಫೋಟೊ ತೆಗೆಯಿರಿ, ಪಕ್ಕದಲ್ಲಿ ಪೆನ್ನೋ ಬೆಂಕಿಪೊಟ್ಟಣವೋ ಇಡಿ, ಅಳತೆ ಗೊತ್ತಾಗಲಿ. ಫೋನಿನಲ್ಲಿ ಜಾಗ ಗುರುತು ಹಾಕಿಕೊಳ್ಳಿ. ಎಷ್ಟು ಆಳದಲ್ಲಿತ್ತು, ಮಣ್ಣಿನ ಬಣ್ಣ ಏನು, ಸುತ್ತ ಮಡಕೆ ಚೂರು, ಬೂದಿ, ಇದ್ದಿಲು ಇತ್ತಾ, ಬರೆದಿಡಿ. ಆಮೇಲೆ ಪುರಾತತ್ವ ಇಲಾಖೆಗೋ ಹತ್ತಿರದ ಕಾಲೇಜಿನ ಇತಿಹಾಸ ವಿಭಾಗಕ್ಕೋ ತಿಳಿಸಿ.

ಇಷ್ಟು ಒತ್ತಿ ಹೇಳುವುದಕ್ಕೆ ನನ್ನದೇ ಕಾರಣ ಇದೆ. ಏಳನೇ ಕ್ಲಾಸಿನಲ್ಲಿದ್ದಾಗ ಗದ್ದೆ ಬದುವಿನಲ್ಲಿ ನುಣುಪಾದ ಕಪ್ಪು ಕಲ್ಲೊಂದು ಸಿಕ್ಕಿತ್ತು. ಒಂದು ತುದಿ ಹರಿತ. ಜೇಬಿಗೆ ಹಾಕಿಕೊಂಡು ಬಂದೆ. ಅಜ್ಜಿ ಅದನ್ನು ಸಿಡಿಲಿನ ಜೊತೆ ಬಿದ್ದ ಕಲ್ಲು ಅಂತ ದೇವರ ಗೂಡಿನಲ್ಲಿ ಇಟ್ಟರು. ಅದು ಏನು ಅಂತ ನನಗೆ ತಿಳಿಯುವ ಹೊತ್ತಿಗೆ ಇಪ್ಪತ್ತು ವರ್ಷ ಆಗಿತ್ತು. ಕಲ್ಲು ಈಗಲೂ ಇದೆ. ಯಾವ ಬದು, ಯಾವ ಮೂಲೆ ಅನ್ನುವುದು ಮರೆತುಹೋಗಿದೆ, ಆ ಗದ್ದೆಯನ್ನೂ ಮಟ್ಟ ಮಾಡಿಸಿದ್ದಾರೆ. ಜಾಗ ಗೊತ್ತಿದ್ದರೆ ಅಕ್ಕಪಕ್ಕ ಹುಡುಕಬಹುದಿತ್ತು, ಮಡಕೆ ಚೂರು ಸಿಗುತ್ತಿತ್ತೇನೋ, ಒಂದು ಹಟ್ಟಿಯೇ ಸಿಗುತ್ತಿತ್ತೇನೋ. ಜಾಗ ಕಳೆದುಹೋದ ಕಲ್ಲು ವಿಳಾಸ ಹರಿದುಹೋದ ಕಾಗದದ ಹಾಗೆ.

ಕಾನೂನು ಕೂಡ ಇದೆ. ನೆಲದಡಿ ನಿಧಿ ಸಿಕ್ಕರೆ ಅದರ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಬೇಕು.

ನಮ್ಮೂರಿನ ವೀರಗಲ್ಲು ಶಿಲಾಯುಗದ್ದಾ?

ಅಲ್ಲ. ವೀರಗಲ್ಲು, ಮಾಸ್ತಿಕಲ್ಲು ಎಲ್ಲ ರಾಜರ ಕಾಲದವು. ಈ ಎರಡು ಜಿಲ್ಲೆಗಳಲ್ಲಿ ಹೊಯ್ಸಳರ ಕಾಲದವು ಬೇಕಾದಷ್ಟಿವೆ. ಬೇಲೂರಿನ ಚೆನ್ನಕೇಶವ ದೇವಸ್ಥಾನ 1117ರದ್ದು, ನಮ್ಮ ದಾರದ ಲೆಕ್ಕದಲ್ಲಿ ಒಂದು ಮೀಟರೂ ಇಲ್ಲ.

"ಪಾಂಡವರ ಮನೆ" ಅನ್ನುವ ಕಲ್ಲಿನ ಗೂಡುಗಳು ಯಾರು ಕಟ್ಟಿದ್ದು?

ನಾಲ್ಕು ಕಡೆ ದೊಡ್ಡ ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ, ಒಂದು ಬದಿಯಲ್ಲಿ ದುಂಡನೆಯ ಕಂಡಿ ಬಿಟ್ಟಿರುತ್ತಾರೆ. ಒಂದೊಂದು ಕಡೆ ಒಂದೊಂದು ಹೆಸರು: ಪಾಂಡವರ ಮನೆ, ಪಾಂಡವರ ಗುಡಿ, ಮೋರ್ಯರ ಮನೆ. ಮೋರ್ಯರು ಅನ್ನುವ ಕುಳ್ಳ ಜನ ಇದರೊಳಗೆ ವಾಸವಿದ್ದರು ಅಂತಲೂ ಕಥೆ ಇದೆ. ಕಥೆ ಚೆನ್ನಾಗಿದೆ, ಅದನ್ನೂ ಉಳಿಸಿಕೊಳ್ಳೋಣ. ಆದರೆ ಇವು ವಾಸದ ಮನೆಯಲ್ಲ. ಬೃಹತ್ ಶಿಲಾಯುಗದ ಜನ ಸತ್ತವರಿಗಾಗಿ ಕಟ್ಟಿದ್ದು, ಕಬ್ಬಿಣ ಬಳಕೆಗೆ ಬಂದ ಕಾಲ. ಸುಮಾರು ಕ್ರಿ.ಪೂ. 1200ರಿಂದ ಈಚೆಗೆ, ಸಾವಿರ ವರ್ಷಕ್ಕೂ ಮೀರಿ ಈ ಪದ್ಧತಿ ನಡೆಯಿತು. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಗುಡ್ಡದ ಮೇಲೆ ಇಂಥ ನೂರಾರು ಗೂಡುಗಳು ಒಂದೇ ಕಡೆ ಇವೆ.

ಇಂಥ ಗೋರಿಗಳಲ್ಲಿ ಸಿಗುವ ಮಡಕೆ ಒಳಗೆ ಕಪ್ಪು, ಹೊರಗೆ ಕೆಂಪು. ಮಡಕೆಯನ್ನು ಬೋರಲು ಹಾಕಿ ಸುಟ್ಟರೆ ಒಳಗೆ ಗಾಳಿಯಾಡದೆ ಹೊಗೆ ಹಿಡಿದು ಕಪ್ಪಾಗುತ್ತದೆ, ಗಾಳಿ ತಾಗಿದ ಹೊರಮೈ ಕೆಂಪಾಗುತ್ತದೆ.

ಕೈಮುಗಿದು ಕೇಳಿಕೊಳ್ಳುತ್ತೇನೆ, ನಿಧಿ ಇದೆ ಅಂತ ಇವುಗಳ ಕೆಳಗೆ ಅಗೆಯಬೇಡಿ. ಒಳಗಿರುವುದು ಮೂಳೆ, ಮಡಕೆ, ಒಂದೆರಡು ಕಬ್ಬಿಣದ ತುಂಡು, ಕೆಲವು ಮಣಿ. ಮಾರಿದರೆ ಏನೂ ಬರುವುದಿಲ್ಲ. ಅಗೆದು ಹಾಳಾದರೆ ಮೂರು ಸಾವಿರ ವರ್ಷದ ಸಾಕ್ಷಿ ಒಂದೇ ರಾತ್ರಿಯಲ್ಲಿ ಹೋಗುತ್ತದೆ.

ಹರಪ್ಪದಲ್ಲಿ ಪಟ್ಟಣ ಕಟ್ಟುತ್ತಿದ್ದಾಗ ನಮ್ಮ ಕಡೆಯವರು ಏನು ಮಾಡುತ್ತಿದ್ದರು?

ದನ ಮೇಯಿಸುತ್ತಿದ್ದರು. ಬಳ್ಳಾರಿ, ರಾಯಚೂರು ಸೀಮೆಯಲ್ಲಿ ಬೂದಿದಿಬ್ಬಗಳಿವೆ. ಹಂಪಿ ಹತ್ತಿರದ ನಿಂಬಾಪುರದ ದಿಬ್ಬವನ್ನು ವಾಲಿಯನ್ನು ಸುಟ್ಟ ಬೂದಿ ಅಂತಲೇ ಜನ ಹೇಳುತ್ತಾರೆ. ಅಗೆದು ನೋಡಿದರೆ ಅವು ಸಗಣಿಯ ಬೂದಿ. ದೊಡ್ಡಿಯಲ್ಲಿ ತಿಪ್ಪೆ ಬೆಳೆಯಲು ಬಿಟ್ಟು, ಮತ್ತೆ ಮತ್ತೆ ಬೆಂಕಿ ಹಾಕಿದ್ದಾರೆ. ಬೆಂಕಿ ಎಷ್ಟು ಜೋರಿತ್ತೆಂದರೆ ಕೆಲವು ಕಡೆ ಬೂದಿ ಕರಗಿ ಗಾಜಿನ ಹಾಗೆ ಗಟ್ಟಿಯಾಗಿದೆ. ತೆಲಂಗಾಣದ ಉಟ್ನೂರಿನ ದಿಬ್ಬವನ್ನು ಆಲ್ಚಿನ್ ಎಂಬ ಪುರಾತತ್ವಜ್ಞರು ಅಗೆದಾಗ ದನದ ಗೊರಸಿನ ಗುರುತೇ ಮಣ್ಣಿನಲ್ಲಿ ಹಾಗೇ ಅಚ್ಚಾಗಿತ್ತು. ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಒಂದು ಸಂಜೆ ದೊಡ್ಡಿಗೆ ನುಗ್ಗಿದ ಹಸುಗಳ ಹೆಜ್ಜೆ ಅದು. ಅಜ್ಜಂಪುರದ ಕಾವಲಿನಲ್ಲಿ ಅಮೃತಮಹಲ್ ದನಗಳ ಹಿಂದೆ ಧೂಳು ಏಳುವುದನ್ನು ನೋಡಿದವರಿಗೆ ನಾನು ಜಾಸ್ತಿ ವಿವರಿಸಬೇಕಾಗಿಲ್ಲ.

ಇದೇ ಜನ ದುಂಡು ಗುಡಿಸಲಿನಲ್ಲಿ ಇರುತ್ತಿದ್ದರು. ಎಳೆ ಮಕ್ಕಳು ತೀರಿಕೊಂಡರೆ ಮಡಕೆಯಲ್ಲಿಟ್ಟು ಮನೆಯ ನೆಲದಡಿಯೇ ಹೂಳುತ್ತಿದ್ದರು, ದೂರ ಒಯ್ಯುತ್ತಿರಲಿಲ್ಲ. ಇದನ್ನು ಹೇಳಿದಾಗ ಕ್ಲಾಸು ಪೂರ್ತಿ ಸುಮ್ಮನಾಗುತ್ತದೆ.

"ಹಾಗಾದರೆ ನಮ್ಮವರು ಹಿಂದುಳಿದವರಾ?" ಅಂತ ಕೇಳುತ್ತಾರೆ. ಇಲ್ಲ. ಮಳೆ ಕಡಿಮೆ ಇರುವ ಕಲ್ಲುನೆಲದಲ್ಲಿ ದನ ಕಟ್ಟಿಕೊಂಡು, ಕಾಳು ಬೆಳೆದುಕೊಂಡು ಸಾವಿರಾರು ವರ್ಷ ಬಾಳಿದ್ದಾರೆ. ಪಟ್ಟಣ ಇಲ್ಲದಿದ್ದರೆ ಬುದ್ಧಿ ಇಲ್ಲ ಅಂತ ಅರ್ಥವಲ್ಲ.

ಅವರು ಊಟಕ್ಕೆ ಏನು ತಿನ್ನುತ್ತಿದ್ದರು? ಮುದ್ದೆ ಇತ್ತಾ?

ಹುರಳಿ ಇತ್ತು. ಹೆಸರುಕಾಳು, ಕೊರಲೆಯಂಥ ಸಿರಿಧಾನ್ಯ ಇತ್ತು. ಇವು ದಕ್ಷಿಣ ಭಾರತದವರೇ ಕಾಡಿನಿಂದ ಹೊಲಕ್ಕೆ ತಂದ ಬೆಳೆಗಳು. ಇದು ಹೇಗೆ ಗೊತ್ತಾಯಿತು ಅಂದರೆ, ಒಲೆಯಲ್ಲಿ ಸೀದುಹೋದ ಕಾಳು ಇದ್ದಿಲಾಗುತ್ತದೆ, ಇದ್ದಿಲು ಕೊಳೆಯುವುದಿಲ್ಲ. ಅಗೆದ ಮಣ್ಣನ್ನು ನೀರಿಗೆ ಸುರಿದರೆ ಮಣ್ಣು ತಳಕ್ಕೆ ಹೋಗುತ್ತದೆ, ಕರಿ ಕಾಳು ತೇಲುತ್ತದೆ. ಅವ್ವ ಕಾಳು ತೊಳೆಯುವಾಗ ಜೊಳ್ಳು ತೇಲುವ ಹಾಗೆ.

ರಾಗಿ ಇಲ್ಲಿಯದಲ್ಲ. ಅದರ ತವರು ಪೂರ್ವ ಆಫ್ರಿಕಾದ ಎತ್ತರದ ಸೀಮೆ. ಜೋಳ, ಸಜ್ಜೆ, ಅಲಸಂದೆಯ ತವರೂ ಆಫ್ರಿಕಾ. ನಮ್ಮ ಕಾಫಿಯೂ ಇಥಿಯೋಪಿಯಾದ ಕಾಡಿನ ಗಿಡ, ಯೆಮನ್‌ಗೆ ಹೋಗಿ, ಬಾಬಾ ಬುಡನ್ ಅವರ ಮೂಲಕ 17ನೇ ಶತಮಾನದಲ್ಲಿ ಗಿರಿಗೆ ಬಂತು ಅನ್ನುವುದು ಪ್ರತೀತಿ. ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ ಅಮೆರಿಕ ಖಂಡದವು, ಪೋರ್ಚುಗೀಸರು ಬಂದ ಮೇಲೆ ನಮಗೆ ಸಿಕ್ಕಿದ್ದು. ಅದಕ್ಕೆ ಮುಂಚೆ ಖಾರಕ್ಕೆ ಕರಿಮೆಣಸು. "ಮೆಣಸಿನಕಾಯಿ" ಅನ್ನುವ ಹೆಸರಿನೊಳಗೇ ಮೆಣಸು ಕೂತಿದೆ ನೋಡಿ, ಹೊಸದಾಗಿ ಬಂದ ಕಾಯಿಗೆ ಹಳೆಯ ಖಾರದ ಹೆಸರೇ ಸಿಕ್ಕಿತು.

ಹಾಗಾಗಿ ಮುದ್ದೆ ಜೊತೆ ಹುರಳಿ ಸಾರು ಉಣ್ಣುವಾಗ ಮುದ್ದೆ ಆಫ್ರಿಕಾದ್ದು, ಹುರಳಿ ನಮ್ಮದು, ಸಾರಿನ ಒಣಮೆಣಸಿನಕಾಯಿ ಅಮೆರಿಕದ್ದು.

ಮನುಷ್ಯ ಮಂಗನಿಂದ ಬಂದನಾ?

ಈಗಿನ ಮಂಗನಿಂದ ಅಲ್ಲ. ನಮಗೂ ಚಿಂಪಾಂಜಿಗೂ ಸುಮಾರು 60–70 ಲಕ್ಷ ವರ್ಷದ ಹಿಂದೆ ಒಂದೇ ಪೂರ್ವಜ ಇತ್ತು. ಅಲ್ಲಿಂದ ದಾಯಾದಿಗಳ ಹಾಗೆ ಬೇರೆಯಾದೆವು. 1974ರಲ್ಲಿ ಇಥಿಯೋಪಿಯಾದಲ್ಲಿ ಸಿಕ್ಕ ಲೂಸಿ ಎಂಬ ಅಸ್ಥಿಪಂಜರ 32 ಲಕ್ಷ ವರ್ಷ ಹಳೆಯದು. ಅವಳು ಎರಡು ಕಾಲಿನ ಮೇಲೆ ನಡೆಯುತ್ತಿದ್ದಳು, ಮಿದುಳು ಮಾತ್ರ ಸಣ್ಣದು. ನಮ್ಮದೇ ಜಾತಿಯ, ಅಂದರೆ ಹೋಮೊ ಸೇಪಿಯನ್ಸ್ ಪ್ರಭೇದದ, ಮನುಷ್ಯರ ಅತಿ ಹಳೆಯ ಮೂಳೆಗಳು ಮೊರಾಕೊದಲ್ಲಿ ಸಿಕ್ಕಿವೆ, ಸುಮಾರು 3 ಲಕ್ಷ ವರ್ಷದವು. ಆಫ್ರಿಕಾದಿಂದ ಹೊರಟವರು ದಾರಿಯಲ್ಲಿ ನಿಯಾಂಡರ್ಥಲ್ ಎಂಬ ಬೇರೆ ಬಗೆಯ ಹಳೆಯ ಮನುಷ್ಯರ ಜೊತೆ ಬೆರೆತರು. ಆಫ್ರಿಕಾದ ಹೊರಗಿನವರ ಡಿಎನ್ಎಯಲ್ಲಿ ಆ ಗುರುತು ಈಗಲೂ ನೂರಕ್ಕೆ ಒಂದೆರಡು ಪಾಲು ಇದೆ. ಇದನ್ನು ಕಂಡುಹಿಡಿದ ಸ್ವಾಂಟೆ ಪಾಬೊ ಅವರಿಗೆ 2022ರಲ್ಲಿ ನೊಬೆಲ್ ಬಂತು.

ಕರ್ನಾಟಕದಲ್ಲಿ ಯಾದಗಿರಿ ಜಿಲ್ಲೆಯ ಇಸಾಂಪುರದ ಕಲ್ಲಿನ ಉಪಕರಣಗಳು 12 ಲಕ್ಷ ವರ್ಷದಷ್ಟು ಹಳೆಯವು. ಅವನ್ನು ಮಾಡಿದವರು ನಮ್ಮ ಜಾತಿಯವರಲ್ಲ, ನಮಗಿಂತ ಹಿಂದಿನ ಮನುಷ್ಯರು.

ವಯಸ್ಸು ಹೇಗೆ ಹೇಳುತ್ತಾರೆ? ಸುಮ್ನೆ ಅಂದಾಜಾ?

ಅಂದಾಜಲ್ಲ. ಜೀವ ಇದ್ದ ವಸ್ತುವಿನಲ್ಲಿ, ಅಂದರೆ ಇದ್ದಿಲು, ಕಾಳು, ಮೂಳೆಯಲ್ಲಿ, ಇಂಗಾಲ-14 ಇರುತ್ತದೆ. ಜೀವ ಹೋದ ಮೇಲೆ ಅದು 5,730 ವರ್ಷಕ್ಕೆ ಅರ್ಧವಾಗುತ್ತದೆ, ಮತ್ತೆ ಅಷ್ಟೇ ವರ್ಷಕ್ಕೆ ಉಳಿದದ್ದರ ಅರ್ಧ. ಎಷ್ಟು ಉಳಿದಿದೆ ಅಂತ ಅಳೆದರೆ ಕಾಲ ಸಿಗುತ್ತದೆ. ಇದು ಸುಮಾರು 50,000 ವರ್ಷದವರೆಗೆ ನಡೆಯುತ್ತದೆ. ಅದಕ್ಕೂ ಹಿಂದಿನದಕ್ಕೆ ಬೇರೆ ವಿಧಾನಗಳಿವೆ. ಇಸಾಂಪುರದಲ್ಲಿ ಪ್ರಾಣಿಯ ಹಲ್ಲಿನ ಹೊರಪದರ ಅಳೆದು ಲೆಕ್ಕ ಹಾಕಿದರು.

ಹಳೆಯ ಕಲ್ಲು ಬೇರೆ, ಹಳೆಯ ಉಪಕರಣ ಬೇರೆ, ಇದನ್ನು ಕಲಸಬೇಡಿ. ಗೊರೂರಿನ ಸುತ್ತಲ ಬಂಡೆಗಳು 330 ಕೋಟಿ ವರ್ಷ ಹಳೆಯವು. ಅದು ಭೂಮಿಯ ವಯಸ್ಸಿನ ಲೆಕ್ಕ, ಮನುಷ್ಯನದ್ದಲ್ಲ.

ನಾಗರಿಕತೆ ಅಂತ ಯಾವುದನ್ನು ಕರೆಯುತ್ತಾರೆ?

ದೊಡ್ಡ ಪಟ್ಟಣ, ಬೇಸಾಯ ಮಾಡದೆಯೂ ಬದುಕುವ ಕುಶಲಕರ್ಮಿಗಳು, ತೂಕ-ಅಳತೆ, ದೂರದ ವ್ಯಾಪಾರ, ಲೆಕ್ಕ ಇಡಲು ಬರವಣಿಗೆ. ಇವೆಲ್ಲ ಒಟ್ಟಿಗೆ ಬಂದರೆ ಆ ಹೆಸರು. ನೈಲ್, ಯೂಫ್ರಟಿಸ್, ಸಿಂಧೂ, ಹಳದಿ ನದಿ, ಈ ನದಿಗಳ ದಡದಲ್ಲಿ ಅದು ಬೇರೆಬೇರೆಯಾಗಿ ಬೆಳೆಯಿತು.

ಹರಪ್ಪವನ್ನು 1921ರಲ್ಲಿ ದಯಾರಾಮ್ ಸಾಹ್ನಿ, ಮೊಹೆಂಜೊದಾರೊವನ್ನು 1922ರಲ್ಲಿ ಆರ್. ಡಿ. ಬ್ಯಾನರ್ಜಿ ಅಗೆಸಿದರು. ಅಲ್ಲಿಯ ಇಟ್ಟಿಗೆ ಎಷ್ಟೇ ದೊಡ್ಡದಾಗಲಿ ಚಿಕ್ಕದಾಗಲಿ, ದಪ್ಪ, ಅಗಲ, ಉದ್ದ 1:2:4 ಲೆಕ್ಕದಲ್ಲೇ ಇರುತ್ತದೆ. ಮೇಸ್ತ್ರಿಗಳಿಗೆ ಇದನ್ನು ಹೇಳಿದರೆ ತಕ್ಷಣ ಅರ್ಥವಾಗುತ್ತದೆ: ಎರಡು ಇಟ್ಟಿಗೆ ಅಡ್ಡ ಇಟ್ಟರೆ ಒಂದು ಉದ್ದಕ್ಕೆ ಸಮ, ಗೋಡೆ ಬಿಗಿಯಾಗಿ ಕೂರುತ್ತದೆ. ಸುಮಾರು ಕ್ರಿ.ಪೂ. 1900ರ ಹೊತ್ತಿಗೆ ಪಟ್ಟಣಗಳು ಖಾಲಿಯಾಗತೊಡಗಿದವು. ಮಳೆ ಕಡಿಮೆಯಾಯಿತು, ಘಗ್ಗರ್-ಹಕ್ರಾ ಹೊಳೆ ಸೊರಗಿತು, ಜನ ಚಿಕ್ಕ ಊರುಗಳಾಗಿ ಪೂರ್ವಕ್ಕೂ ದಕ್ಷಿಣಕ್ಕೂ ಚದುರಿದರು. ಅವರ ಲಿಪಿಯನ್ನು ಇನ್ನೂ ಯಾರೂ ಓದಿಲ್ಲ. ಓದಿದ್ದೇವೆ ಅಂತ ವಾಟ್ಸಾಪಿನಲ್ಲಿ ಬಂದರೆ ನಂಬಬೇಡಿ.

ಆ ಕಾಲದಲ್ಲಿ ನಮ್ಮ ಘಟ್ಟಕ್ಕೂ ಹೊರಗಿನ ಲೋಕಕ್ಕೂ ಸಂಬಂಧ ಇತ್ತಾ?

ಈಜಿಪ್ಟಿನ ದೊರೆ ಎರಡನೇ ರಾಮ್ಸೆಸ್ ಕ್ರಿ.ಪೂ. 1213ರಲ್ಲಿ ಸತ್ತ. ಅವನ ಶವವನ್ನು ಕೆಡದಂತೆ ಕಾಪಿಡುವಾಗ ಮೂಗಿನ ಹೊಳ್ಳೆಗೆ ಕರಿಮೆಣಸು ತುಂಬಿದ್ದರು. ಕರಿಮೆಣಸಿನ ಬಳ್ಳಿಯ ತವರು ಪಶ್ಚಿಮಘಟ್ಟದ ಕಾಡು. ಆ ಕಾಳು ಘಟ್ಟದ ಯಾವ ಭಾಗದ್ದೋ, ಎಷ್ಟು ಕೈ ದಾಟಿತೋ. ಆದರೆ ಘಟ್ಟದ ಕಾಡಿನಲ್ಲಿ ಒಬ್ಬರು ಅದನ್ನು ಬಳ್ಳಿಯಿಂದ ಕಿತ್ತು, ಒಣಗಿಸಿ ಕೊಟ್ಟಿದ್ದರು. ಸಕಲೇಶಪುರದ ಅಂಗಳದಲ್ಲಿ ಫೆಬ್ರವರಿಯಲ್ಲಿ ಮೆಣಸು ಒಣಗುವುದನ್ನು ನೋಡುವಾಗಲೆಲ್ಲ ನನಗೆ ಆ ಕೈ ನೆನಪಾಗುತ್ತದೆ.

ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಲು ಯಾವ ಜಾಗ ಒಳ್ಳೆಯದು?

ಬ್ರಹ್ಮಗಿರಿ ನಮಗೆ ಅಷ್ಟೇನೂ ದೂರವಲ್ಲ, ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕು. 1947ರಲ್ಲಿ ವೀಲರ್ ಎಂಬ ಪುರಾತತ್ವಜ್ಞರು ಅಗೆದ ಜಾಗ, ಅಶೋಕನ ಶಾಸನವೂ ಇದೆ. ಒಂದೇ ಕಡೆ ಕಲ್ಲಿನ ಕೊಡಲಿಯಿಂದ ಅಕ್ಷರದವರೆಗೆ ನಡೆದು ನೋಡಬಹುದು. ಎರಡು ದಿನ ಇದ್ದರೆ ಬಳ್ಳಾರಿಗೆ ಹೋಗಿ. ಅಲ್ಲಿ ಸಂಗನಕಲ್ಲಿನ ವಸ್ತುಗಳಿಗೆಂದೇ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಸಂಗ್ರಹಾಲಯ ಇದೆ. ಹತ್ತಿರದ ಕಪ್ಪಗಲ್ಲು ಗುಡ್ಡದ ಬಂಡೆಗಳಲ್ಲಿ ಉದ್ದ ಕೊಂಬಿನ ಎತ್ತುಗಳನ್ನು ಕುಕ್ಕಿ ಬಿಡಿಸಿದ್ದಾರೆ. ಅಲ್ಲಿ ಕೆಲವು ಕಪ್ಪು ಬಂಡೆಗಳಿಗೆ ಕಲ್ಲಿನಿಂದ ತಟ್ಟಿದರೆ ಗಂಟೆಯ ಹಾಗೆ ನಾದ ಬರುತ್ತದೆ. ತಟ್ಟಿ ತಟ್ಟಿ ಹಳೆಯ ಜನವೇ ಗುಳಿ ಮಾಡಿಟ್ಟಿದ್ದಾರೆ. ಮಕ್ಕಳಿಗೆ ಗುಳಿ ತೋರಿಸಿ, ತಟ್ಟಲು ಬಿಡಬೇಡಿ, ಬಂಡೆ ಸವೆಯುತ್ತದೆ. ಬಿಸಿಲು ಜೋರು, ಬೆಳಿಗ್ಗೆ ಬೇಗ ಹತ್ತಿ, ನೀರು ಜಾಸ್ತಿ ಇಟ್ಟುಕೊಳ್ಳಿ.